ನಿಮಾನ ತಲೆ ಎಷ್ಟು ದೊಡ್ಡದು

"ಕೈ ಇಳಿಸಬೇಡ್ವೇ. ನೂಲು ಸಿಕ್ಕಾಗತ್ತೆ," ಅಂದಳು ಠಾಕುಮಾ.

ಝಿನುಕ್ ಕೈ ಮೇಲೆತ್ತಿದಳು. ಎರಡು ಮುಂಗೈಗಳ ನಡುವೆ ಕೆಂಪು ಉಣ್ಣೆಯ ಲಡಿ ತೊಟ್ಟಿಲಿನ ಹಾಗೆ ತೂಗುತ್ತಿತ್ತು. ಠಾಕುಮಾ, ಅಂದರೆ ಅವಳ ಅಪ್ಪನ ತಾಯಿ, ಎದುರಿಗೆ ಕೂತು ಅದನ್ನು ಉಂಡೆ ಸುತ್ತುತ್ತಿದ್ದಳು.

"ಠಾಕುಮಾ, ಮೂಗು ತುರಿಸ್ತಿದೆ."

"ಮಂಡಿಗೆ ಉಜ್ಜಿಕೋ."

ಝಿನುಕ್ ಬಗ್ಗಿ ಮಂಡಿಗೆ ಮೂಗು ಉಜ್ಜಿಕೊಂಡಳು.

ಮಂಚದ ಮೇಲೆ ಅವಳ ಅಪ್ಪ, ಬಾಬಾ, ರೈಲ್ವೆ ಟೈಮ್‌ಟೇಬಲ್ ಬಿಡಿಸಿಕೊಂಡು ಕೂತಿದ್ದ. ಪಕ್ಕದಲ್ಲಿ ಝಿನುಕ್ ಚಿಕ್ಕಪ್ಪ ಎಂದು ಕರೆಯುವ, ಮಹಡಿ ಮನೆಯ ಬುಲುಕಾಕು. ಇಬ್ಬರ ನಡುವೆ ಸಾಸಿವೆ ಎಣ್ಣೆ ಕಲಸಿದ ಮಂಡಕ್ಕಿಯ ಬಟ್ಟಲು. ಕಲ್ಕತ್ತೆಯ ಶ್ಯಾಮ್‌ಬಜಾರಿನ ಆ ಮನೆಯಲ್ಲಿ ಪ್ರಯಾಣ ಶುರುವಾಗುವುದು ಹೀಗೆ, ಹೊರಡುವುದಕ್ಕೆ ಮೂರು ತಿಂಗಳು ಮೊದಲು.

"ಸಿಯಾಲ್ದಾದಲ್ಲಿ ರಾತ್ರಿ ಹತ್ತಿದ್ರೆ ಬೆಳಿಗ್ಗೆ ಬೆಟ್ಟದ ಬುಡ," ಅಂದ ಬಾಬಾ. "ಅಲ್ಲಿಂದ ಪುಟ್ಟ ರೈಲು. ಕ್ರಿಸ್‌ಮಸ್ ರಜದ ಮೊದಲನೇ ದಿನವೇ ಕರ್ಸಿಯಾಂಗ್."

"ಪುಟ್ಟ ರೈಲು ಬೇಡ ದಾದಾ, ಜೀಪು ಹಿಡೀರಿ," ಅಂದ ಬುಲುಕಾಕು. " ಆ ರೈಲಿಂದ ಇಳಿದು, ಟೀ ಕುಡಿದು, ನಡ್ಕೊಂಡು ಹೋಗಿ ಮತ್ತೆ ಅದನ್ನೇ ಹತ್ತಬಹುದಂತೆ."

"ನೀನು ಹತ್ತಿದ್ದೀಯಾ ಬುಲು?" ಅಡುಗೆಮನೆಯಿಂದ ಮಾ ಕೇಳಿದಳು.

"ಹತ್ತಿದವರು ಹೇಳಿದ್ದಾರೆ ಅತ್ತಿಗೆ."

"ಮಂಕಿ ಟೋಪಿ ಎಲ್ಲರಿಗೂ ಬೇಕು," ಅಂದಳು ಮಾ.

"ನಾನು ಹಾಕಲ್ಲಪ್ಪ. ಫೋಟೋದಲ್ಲಿ ಬರೀ ಮೂಗು ಕಾಣ್ಸತ್ತೆ," ಅಂದಳು ಝಿನುಕ್.

"ಹೋದ ಸಲ ಹಾಕದೆ ಜ್ವರ ಬರಿಸ್ಕೊಂಡವಳು ಯಾರು?"

ಅವರು ಬೆಟ್ಟದೂರು ಕರ್ಸಿಯಾಂಗಿಗೆ ಹೋಗಿ ಎರಡು ವರ್ಷವಾಗಿತ್ತು. ಧನಮಾಯಾ ತಮಾಂಗ್ ಎಂಬುವಳ ಮನೆಯ ಮೇಲಿನ ಕೋಣೆಯಲ್ಲಿ ಇಳಿದಿದ್ದರು. ಝಿನುಕ್‌ಗೆ ಜ್ವರ ಏರಿದ ದಿನ ಮಂಜು ಎಷ್ಟಿತ್ತೆಂದರೆ ಜೀಪುಗಳೆಲ್ಲ ನಿಂತುಬಿಟ್ಟಿದ್ದವು. ಧನಮಾಯಾ ಅವಳನ್ನು ಶಾಲಿನಲ್ಲಿ ಬೆನ್ನಿಗೆ ಕಟ್ಟಿಕೊಂಡು ಆಸ್ಪತ್ರೆಯ ದಿಬ್ಬ ಹತ್ತಿದ್ದಳು. ಆ ಶಾಲಿನ ಹೊಗೆವಾಸನೆ ಝಿನುಕ್‌ಗೆ ಇನ್ನೂ ನೆನಪಿತ್ತು. ಆಮೇಲೆ ಧನಮಾಯಾಳಿಗೆ ಮೊಮ್ಮಗ ಹುಟ್ಟಿದ. ಹೆಸರು ನಿಮಾ. ಈ ಕೆಂಪು ನೂಲು ಅವನ ಟೋಪಿಗೆ.

"ಮಗೂ ತಲೆ ಎಷ್ಟು ದೊಡ್ಡದು ಅಂತ ಕೇಳಿ ಬರೆದ್ಯೇನೋ?" ಠಾಕುಮಾ ಮಗನನ್ನು ಕೇಳಿದಳು.

"ಬರೆದಿದ್ದೀನಮ್ಮ. ತಲೆಗೆ ಒಂದು ದಾರ ಸುತ್ತಿ, ಅಷ್ಟಕ್ಕೇ ಕತ್ತರಿಸಿ, ಕಾಗದದ ಜೊತೆ ಕಳಿಸಿ ಅಂತ. ರೂಮು ಇಟ್ಟಿರಿ ಅಂತಾನೂ ಬರೆದಿದ್ದೀನಿ. ಝಿನುಕ್, ಡಬ್ಬಕ್ಕೆ ಹಾಕಿದೆ ತಾನೇ?"

"ಹಾಕಿದೆ," ಅಂದಳು ಝಿನುಕ್, ನೂಲನ್ನೇ ನೋಡುತ್ತ.

ಹಾಕಿರಲಿಲ್ಲ. ಅವತ್ತು ಬೆಳಿಗ್ಗೆ ಬಾಬಾ ಕಾಗದ ಕೊಟ್ಟಾಗ ಮಳೆ ಬಂದು ಬೀದಿಯಲ್ಲಿ ಮಂಡಿಯುದ್ದ ನೀರು ನಿಂತಿತ್ತು. ಅಂಚೆ ಡಬ್ಬ ಇದ್ದದ್ದು ಟ್ರಾಮ್ ಹಳಿಯ ಆಚೆ. ಅಷ್ಟರಲ್ಲಿ ಗೆಳತಿ ಮಿಠು ಬಂದು, "ಕುಮೋರ್‌ಟುಲಿ ಕುಂಬಾರರ ಬೀದೀಲಿ ದುರ್ಗೆಯ ಸಿಂಹಕ್ಕೆ ಮಣ್ಣು ಮೆತ್ತುತ್ತಿದಾರೆ, ಬರ್ತೀಯಾ?" ಎಂದು ಕರೆದಳು. ಝಿನುಕ್ ಕಾಗದವನ್ನು ರೇನ್‌ಕೋಟಿನ ಜೇಬಿಗೆ ತುರುಕಿದಳು. ನಾಳೆ ಹಾಕಿದರಾಯಿತು, ನಾಳೆ ಹಾಕುವುದಾದರೆ ಹಾಕಿದ ಹಾಗೆಯೇ ಅಲ್ಲವೇ ಅಂದುಕೊಂಡಳು.

ಮರುದಿನ ಮಳೆ ಇರಲಿಲ್ಲ. ರೇನ್‌ಕೋಟು ಬಾಗಿಲ ಹಿಂದಿನ ಮೊಳೆಗೆ ಹೋಯಿತು. ಆಮೇಲೆ ದುರ್ಗಾಪೂಜೆಯ ಚಪ್ಪರ, ಹೊಸ ಶೂ, ಡೋಲಿನ ಸದ್ದು. ಕಾಗದ ಮರೆತೇ ಹೋಯಿತು.

ಅದು ನೆನಪಾದದ್ದು ಅಷ್ಟಮಿಯ ದಿನ, ಠಾಕುಮಾ ಟೋಪಿ ಹೆಣೆಯುವುದನ್ನು ನೋಡಿದಾಗ.

"ದಾರ ಬಂತಾ ಠಾಕುಮಾ?"

"ಎಲ್ಲಿ ಬಂತು? ಅಂದಾಜಿಗೇ ಶುರು ಮಾಡಿದೆ."

ಝಿನುಕ್ ಬಾಗಿಲ ಹಿಂದೆ ಹೋಗಿ ಜೇಬಿಗೆ ಕೈ ಹಾಕಿದಳು. ಕಾಗದ ಅಲ್ಲೇ ಇತ್ತು. ಈಗ ಹಾಕಿದರೆ? ಒಳಗೆ ಬಾಬಾ ತಾರೀಖು ಬರೆದಿದ್ದಾನೆ. ಧನಮಾಯಾಳ ಮಗ ಉತ್ತರ ಬರೆಯುತ್ತಾನೆ, ನಿಮ್ಮ ಕಾಗದ ಇಷ್ಟು ತಡವಾಗಿ ಬಂತು ಅಂತ. ಆಗ ಗೊತ್ತಾಗುತ್ತದೆ. ಅವಳು ಖಾಲಿ ಕೈಯನ್ನು ಹೊರಗೆ ತೆಗೆದಳು.

ಸಂಜೆಯ ಮಂಡಕ್ಕಿಯ ಜೊತೆ ಈಗ ಬೇರೆ ಮಾತು ನಡೆಯತೊಡಗಿತು.

"ಧನಮಾಯಾಗೆ ಜಾಸ್ತಿ ದುಡ್ಡು ಕೊಡೋ ಟೂರಿಸ್ಟ್ ಸಿಕ್ಕಿರ್ತಾರೆ," ಅಂದ ಬುಲುಕಾಕು. "ಬೆಟ್ಟದವರು ಹಾಗೇ ಬಿಡಿ."

"ಅವಳು ಅಂಥವಳಲ್ಲ," ಅಂದಳು ಮಾ.

ಮರುದಿನ ಮಾ, "ಒಂದು ಸಾಲು ಬರೆಯೋಕೆ ಏನಾಗಿತ್ತೋ," ಅಂದಳು. ಅದರ ಮರುದಿನ ಏನೂ ಅನ್ನಲಿಲ್ಲ.

ದುರ್ಗೆಯನ್ನು ಗಂಗೆಗೆ ಬಿಟ್ಟು ಬಂದ ಮೇಲೆ ಬಿಜೋಯಾ. ಚಿಕ್ಕವರು ದೊಡ್ಡವರ ಕಾಲಿಗೆ ಬೀಳಬೇಕು, ದೂರ ಇದ್ದವರಿಗೆ ಕಾಗದ ಬರೆಯಬೇಕು. ಜಗಳವಾಡಿದವರಿಗೂ ಬರೆಯಬೇಕು. ಬಾಬಾ ಪೋಸ್ಟ್‌ಕಾರ್ಡುಗಳ ಕಟ್ಟು ಹಿಡಿದು ಕೂತ. ಒಂದು ಗೋಡೆಯ ಸಲುವಾಗಿ ಅವನ ಮೇಲೆ ಕೇಸು ಹಾಕಿದ್ದ ಆಸನ್‌ಸೋಲಿನ ದೊಡ್ಡಪ್ಪನಿಗೂ ಒಂದು ಬರೆದ. ಝಿನುಕ್ ವಿಳಾಸ ಓದಿ ಹೇಳುತ್ತಿದ್ದಳು.

"ಧನಮಾಯಾ ತಮಾಂಗ್..." ಎಂದು ಓದಿದಳು.

"ಅದು ಬೇಡ." ಬಾಬಾ ಪೆನ್ನಿನ ಮುಚ್ಚಳ ಹಾಕಿದ.

"ಬಿಜೋಯಾದ್ದು ಬಾಬಾ."

"ಉತ್ತರ ಕೊಡದವರಿಗೆ ಎಷ್ಟು ಸಲ ಬರೆಯೋದು? ಈ ಸಲ ಪುರಿಗೆ ಹೋಗೋಣ."

"ಸರಿಯಾದ ಮಾತು," ಅಂದ ಬುಲುಕಾಕು. "ಸಮುದ್ರಕ್ಕೆ ಮೊದಲೇ ಕಾಗದ ಬರೆಯೋ ಹಾಗಿಲ್ಲ."

ಕೇಸು ಹಾಕಿದ ದೊಡ್ಡಪ್ಪನ ಕಾರ್ಡು ಎಲ್ಲಕ್ಕಿಂತ ಮೇಲಿತ್ತು. ಝಿನುಕ್ ಅದನ್ನೇ ನೋಡುತ್ತ ಕೂತಳು.

ಮರುದಿನ ಮಧ್ಯಾಹ್ನ ಠಾಕುಮಾ ಕರೆದಳು. "ಬಾರೇ, ಕೈ ಚಾಚು."

ಮುಕ್ಕಾಲು ಮುಗಿದಿದ್ದ ಟೋಪಿಯನ್ನು ಠಾಕುಮಾ ಬಿಚ್ಚುತ್ತಿದ್ದಳು. ಬಿಚ್ಚಿದ ನೂಲು ಗುಂಗುರುಗುಂಗುರಾಗಿ ಝಿನುಕಳ ಕೈಗಳಿಗೆ ಸುತ್ತಿಕೊಳ್ಳುತ್ತಿತ್ತು.

"ಯಾಕೆ ಬಿಚ್ತಿದ್ದೀಯ?"

"ಪುರಿಯಲ್ಲಿ ಯಾರಿಗೆ ಟೋಪಿ? ಬುಲುಗೆ ಒಂದು ಮಫ್ಲರ್ ಆಗತ್ತೆ."

"ನಿಮಾಗೆ?"

"ಅವರಿಗೆ ನಾವು ಬೇಡವಾದ್ವಲ್ಲ."

ಟೋಪಿ ಚಿಕ್ಕದಾಗುತ್ತ ಬಂತು. ಒಂದು ಅಂಗೈಯಷ್ಟು ಉಳಿಯಿತು. ಕೈ ಕಟ್ಟಿಹಾಕಿದಂತಿತ್ತು, ಎದ್ದು ಓಡುವಂತಿರಲಿಲ್ಲ.

"ಬೇಡ ಅಂದಿಲ್ಲ ಠಾಕುಮಾ," ಅಂದಳು ಝಿನುಕ್. "ಕಾಗದ ರೇನ್‌ಕೋಟಲ್ಲಿದೆ."

ಠಾಕುಮಾಳ ಬೆರಳು ನಿಂತಿತು. "ಯಾರ ರೇನ್‌ಕೋಟಲ್ಲಿ?"

"ನಂದ್ರಲ್ಲಿ."

ಕಿಟಕಿಯ ಮೇಲೆ ಪಾರಿವಾಳ ಗುಟುಗುಟು ಅನ್ನುತ್ತಿತ್ತು. ಠಾಕುಮಾ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡಳು.

"ಒದ್ದೆಯಾಗಿದೆಯಾ?"

"ಅಂಚು ಮಾತ್ರ."

"ನೂಲು ಮೆಲ್ಲಗೆ ಇಳಿಸು. ಕಾಗದ ತಗೊಂಡು ಹೋಗು. ನನಗಲ್ಲ, ನಿಮ್ಮಪ್ಪನಿಗೆ ಕೊಡು."

ಸಂಜೆ ಬಾಬಾ ಆ ಲಕೋಟೆ ಒಡೆದು, ತಾನೇ ಬರೆದದ್ದನ್ನು ನಿಂತುಕೊಂಡೇ ಓದಿದ. ಝಿನುಕ್ ಬೈಗುಳಕ್ಕೆ ಕಾಯುತ್ತ ಗೋಡೆಗೆ ಒರಗಿದ್ದಳು.

"ನಿನ್ನೆ ನಾನು ಧನಮಾಯಾ ಬಗ್ಗೆ ಏನೇನು ಅಂದೆ?" ಬಾಬಾ ಯಾರನ್ನೂ ನೋಡದೆ ಕೇಳಿದ.

"ನಾನು ಬೆಟ್ಟದವರು ಅಂತ ಅಂದಿದ್ದು ಸುಮ್ನೆ ಒಂದು ಮಾತಿಗೆ..." ಬುಲುಕಾಕು ಶುರು ಮಾಡಿದ.

"ನೀನು ಮಂಡಕ್ಕಿ ತಿನ್ನು," ಅಂದಳು ಮಾ.

ಬಾಬಾ ಹೊಸ ಹಾಳೆ ತೆಗೆದ.

"ಅದನ್ನೇ ಕಳಿಸೋಣ ಬಾಬಾ," ಅಂದಳು ಝಿನುಕ್. "ಕೆಳಗೆ ನಾನೂ ಬರೀತೀನಿ."

ಬಾಬಾ ಅವಳಿಗೆ ಪೆನ್ನು ಕೊಟ್ಟ.

ಧನಮಾಯಾಳಿಗೆ ಕಾಗದ ಓದಿ ಹೇಳುವ ಮಗನಿಗೆ ಬಂಗಾಳಿ ಬರುತ್ತಿರಲಿಲ್ಲ, ಇಂಗ್ಲಿಷ್ ಬರುತ್ತಿತ್ತು, ಆದ್ದರಿಂದ ಝಿನುಕ್ ಇಂಗ್ಲಿಷಿನಲ್ಲೇ ಬರೆಯಬೇಕಾಯಿತು. ಅವಳಿಗೆ ಗೊತ್ತಿದ್ದ ಇಂಗ್ಲಿಷ್ ಸ್ವಲ್ಪ. ಬರೆದದ್ದು ಇಷ್ಟು: ಬಾಬಾ ಇದನ್ನು ಮಳೆಗಾಲದಲ್ಲೇ ಬರೆದಿದ್ದ. ನಾನು ಹಾಕಲಿಲ್ಲ. ಹಾಕಿದೆ ಅಂತ ಹೇಳಿದೆ. ನಾನು ಝಿನುಕ್, ನೀವು ಬೆನ್ನ ಮೇಲೆ ಹೊತ್ತವಳು.

ಬರೆದು ಮುಗಿಸಿ ಅವಳು ಪೆನ್ನು ಕೆಳಗಿಡಲಿಲ್ಲ. ಕರ್ಸಿಯಾಂಗಿನಲ್ಲಿಯೂ ಹಬ್ಬ ಮುಗಿದಿರುತ್ತದೆ. ಧನಮಾಯಾ ಒಲೆಯ ಮುಂದೆ ಕೂತಿರುತ್ತಾಳೆ. ಪ್ರತಿ ವರ್ಷ ಬರುತ್ತಿದ್ದ ಕಾಗದ ಈ ವರ್ಷ ಬಂದಿಲ್ಲ. ಕಲ್ಕತ್ತೆಯವರು ಹಾಗೇ ಬಿಡು ಅಂತ ಮಗ ಅಂದಿರಬಹುದು. ಅವರು ಅಂಥವರಲ್ಲ ಅಂತ ಧನಮಾಯಾ ಮೊದಲ ದಿನ ಹೇಳಿರುತ್ತಾಳೆ. ಆಮೇಲಿನ ದಿನಗಳಲ್ಲಿ?

"ರೂಮು ಇನ್ನೂ ಇರತ್ತಾ ಬಾಬಾ?"

"ಗೊತ್ತಿಲ್ಲ. ಬೇರೆಯವರಿಗೆ ಕೊಟ್ಟಿದ್ರೂ ಕೊಟ್ಟಿರಬಹುದು."

"ಆಗ?"

"ಆಗ ಪುರಿ," ಅಂದ ಬಾಬಾ. ಬಿಜೋಯಾದ ಎರಡು ಸಾಲು ಸೇರಿಸಿ, ಹೊಸ ಲಕೋಟೆಗೆ ಹಾಕಿ ಅಂಟಿಸಿದ. "ಬೆಳಿಗ್ಗೆ ನಾನು ಆಫೀಸಿಗೆ ಹೋಗ್ತಾ ಹಾಕ್ತೀನಿ."

"ನಾನು ಹಾಕ್ತೀನಿ. ಈಗಲೇ."

ಬಾಬಾ ಲಕೋಟೆಯನ್ನು ಚಾಚಿದ.

ಬಾಗಿಲ ಬಳಿ ಠಾಕುಮಾ ಗುಂಗುರು ನೂಲನ್ನು ಒದ್ದೆ ಮಾಡಿ, ನೆಟ್ಟಗಾಗಲಿ ಎಂದು ಹಗ್ಗದ ಮೇಲೆ ಹರವುತ್ತಿದ್ದಳು. "ಬುಲು ಮಫ್ಲರ್ ಈಗ ಬೇಡ," ಅಂದಳು. "ಆ ದಾರ ಬರತ್ತಾ ನೋಡೋಣ."

ಬೀದಿ ಒಣಗಿತ್ತು. ಪೂಜೆಯ ಚಪ್ಪರದ ಬಿದಿರುಗಳನ್ನು ಬಿಚ್ಚಿ ಗಾಡಿಗೆ ಏರಿಸುತ್ತಿದ್ದರು. ಝಿನುಕ್ ಹಳಿಯ ಎರಡೂ ಕಡೆ ನೋಡಿ ಆಚೆಗೆ ದಾಟಿದಳು. ಲಕೋಟೆಯನ್ನು ಡಬ್ಬದ ಬಾಯಿಗೆ ಇಟ್ಟು ಕೈ ಬಿಟ್ಟಳು. ಅದೇ ಹೊತ್ತಿಗೆ ಟ್ರಾಮ್ ಗಡಗಡ ಅನ್ನುತ್ತ ಬಂದದ್ದರಿಂದ ಬಿದ್ದ ಸದ್ದು ಕೇಳಿಸಲಿಲ್ಲ.

ಟ್ರಾಮ್ ದಾಟಿ ಹೋಗುವವರೆಗೆ ಕಾದಳು. ಆಮೇಲೆ ತುದಿಗಾಲಲ್ಲಿ ನಿಂತು, ಡಬ್ಬದ ಬಾಯೊಳಗೆ ಬೆರಳು ಇಳಿಬಿಟ್ಟು ತಡಕಿದಳು. ತಣ್ಣನೆಯ ಕಬ್ಬಿಣ ಬಿಟ್ಟು ಬೇರೇನೂ ಸಿಗಲಿಲ್ಲ.