ಮೊದಲ ಲೋಟ ಪ್ಲಾಂಟರ್ಸ್ ಪಂಚ್

"ಮಗಳ ಮದುವೆ ನಿಶ್ಚಯದ ಮಂಗ್ನಿ ನಿಂತೋತು ಸಾಹೇಬ್ರೆ. ಶರಬತ್ತಿಗೆ ಯಾರೋ ಸಾರಾಯಿ ಸುರಿದವ್ರೆ," ಎಂದು ಖಾಜಾಸಾಬ್ ಜಗಲಿಯ ಅಂಚಿನಲ್ಲಿ ಕುಸಿದರು.

ಪೊಲೀಸ್ ಇನ್ಸ್‌ಪೆಕ್ಟರಾಗಿ ನಿವೃತ್ತರಾಗಿ ಹೊನ್ನಾಳಿಯಲ್ಲೇ ನೆಲೆಸಿದ್ದ ಓಂಕಾರಪ್ಪ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು. ಅವರ ಮನೆಯಲ್ಲಿದ್ದುಕೊಂಡು ಕೆಲಸ ಹುಡುಕುತ್ತಿದ್ದ ಬಿ.ಎ. ಪದವೀಧರ ಮರುಳಪ್ಪ ಪತ್ರಿಕೆ ಮಡಚಿಟ್ಟ. ಅದು ೧೯೩೯ರ ಬೇಸಿಗೆ.

ಖಾಜಾಸಾಬ್ ಹಿಂದೆ ಕಾಫಿ ತೋಟದ ದೊರೆಗಳ ಕ್ಲಬ್ಬಿನಲ್ಲಿ ಬಟ್ಲರ್ ಆಗಿದ್ದವರು. ಊರಿಗೆ ಮರಳಿ ಶರಬತ್ತಿನ ಅಂಗಡಿಯಿಟ್ಟು 'ಪ್ಲಾಂಟರ್ಸ್ ಪಂಚ್' ಎಂದು ಬೋರ್ಡು ಬರೆಸಿದ್ದರು. ನಿಂಬೆ, ಬೆಲ್ಲ, ಜಾಯಿಕಾಯಿ, ನೀರು. ದೊರೆಗಳು ರಮ್ ಸುರಿಯುತ್ತಿದ್ದ ಕಡೆ ಇವರದು ಚಹಾದ ಡಿಕಾಕ್ಷನ್. ಜನ ರುಚಿಗಿಂತ ಹೆಸರಿಗೇ ಮುಗಿಬಿದ್ದಿದ್ದರು.

ಮಂಗ್ನಿಯ ದಿನ ಬಸವಾಪಟ್ಟಣದಿಂದ ಬಂದ ಬೀಗರು ರಸೂಲ್‌ಸಾಬ್ ಒಂದು ಗುಟುಕಿಗೇ ಉಗಿದು ಎದ್ದಿದ್ದರು. ಅವರ ಜೊತೆಯವನೊಬ್ಬ, "ಈ ಹೆಸರು ಹೇಳಿದ್ರೆ ಇಂಗ್ಲಿಷ್‌ನೋರು ಶರಾಬೇ ಕೊಡ್ತಾರೆ," ಎಂದಿದ್ದ.

"ಹೌದೇನಪ್ಪಾ?" ಓಂಕಾರಪ್ಪ ಮರುಳಪ್ಪನನ್ನು ಕೇಳಿದರು.

"ಹೌದು. ರಮ್ ಇಲ್ಲದ್ದನ್ನ ಆ ಹೆಸರಿನಿಂದ ಕರೆಯೋದೇ ಇಲ್ಲ," ಎಂದ ಮರುಳಪ್ಪ.

"ಹಂಗಾದ್ರೆ ಸುರಿದೋನಿಗೂ ಅದು ಗೊತ್ತಿತ್ತು. ಹೆಸರೇ ಸಾಕ್ಷಿ ಹೇಳ್ತೈತೆ ಅಂತ ಲೆಕ್ಕ ಹಾಕ್ದ."

ಅವತ್ತು ಶರಬತ್ತಿನ ಕೊಡದ ಪಕ್ಕ ಯಾರಿದ್ದರು? ಖಾಜಾಸಾಬರ ಹೆಂಡತಿ ತಾಜ್‌ಬೀ ಮೊದಲ ಲೋಟ ಬಗ್ಗಿಸಿದ ಮೇಲೆ ಅಲ್ಲಿಂದ ಕದಲಿರಲಿಲ್ಲ. ಅದಕ್ಕೆ ಮೊದಲು ಅವಳ ತಮ್ಮ, ಸೋಡಾ ಅಂಗಡಿಯ ಪೀರ್‌ಸಾಬ್, ಸೋಡಾದ ಪೆಟ್ಟಿಗೆ ತಂದು ಒಳಗಿಟ್ಟಿದ್ದ. ಸಾರಾಯಿ ಅಂಗಡಿಯ ಗಿಡ್ಡಪ್ಪ ನೀರು ಕೇಳಿಕೊಂಡು ಹಿತ್ತಲಿಗೆ ಬಂದಿದ್ದ.

"ಪೀರ್‌ಸಾಬ್ ಅಲ್ಲ ಬಿಡ್ರಿ," ಎಂದರು ಖಾಜಾಸಾಬ್. "ನಮ್ಮ ಮನೇಲಿ ಮೊದಲ ಲೋಟ ಹುಡುಗಿಯ ಮಾಮಾ ಕುಡೀಬೇಕು. ಎಲ್ಲರ ಮುಂದೆ ಕುಡಿದು, ಚಹಾ ಹದವಾಗಿ ಬಿದ್ದೈತೆ ಅಂದ."

"ಅವತ್ತೂ ಚಹಾ ಹಾಕಿದ್ರಾ?"

"ಇಲ್ರಿ. ಬೀಗರಿಗೆ ಚಹಾ ಒಗ್ಗಲ್ಲ ಅಂತ ಬಿಟ್ಟಿದ್ದೆ. ನನಗೂ ತಾಜ್‌ಬೀಗೂ ಮಾತ್ರ ಗೊತ್ತು."

ಓಂಕಾರಪ್ಪ ಎಲೆಯನ್ನು ಬಾಯಿಗಿಟ್ಟರು.

ಸಾರಾಯಿ ಅಂಗಡಿಗೆ ಹೋಗಿ ಕೇಳಿದಾಗ ಗಿಡ್ಡಪ್ಪ ಸಿಟ್ಟಾಗಲಿಲ್ಲ. "ನನ್ನ ಸಾರಾಯಿನ ಶರಬತ್ತಿಗೆ ಹಾಕಿ ಪುಕ್ಕಟೆ ಹಂಚಾಕೆ ನನಗೇನು ತಲೆ ಕೆಟ್ಟೈತಾ ಸ್ವಾಮಿ?" ಎಂದ.

ಖಾಜಾಸಾಬರ ಬೋರ್ಡಿಗೆ ಎದುರಾಗಿದ್ದ ಪೀರ್‌ಸಾಬನ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಗೂಟದಲ್ಲಿ ಕಸೂತಿಯ ಹಬ್ಬದ ಹೆಗಲ ರುಮಾಲು ನೇತಾಡುತ್ತಿತ್ತು. ಅದರ ಮಡಿಕೆಗೆ ಇರುವೆ ಸಾಲುಗಟ್ಟಿದ್ದವು. "ಭಾವ ಮಾರೋ ಆ ನೀರು ನಂಗೂ ಇಷ್ಟ," ಎಂದ ಅವನು. ಎಷ್ಟು ಮಾತಾಡಿದರೂ ಅದನ್ನು 'ಅದು', 'ಆ ನೀರು' ಎಂದನೇ ಹೊರತು ಹೆಸರು ಹಿಡಿಯಲಿಲ್ಲ.

ದಾರಿಯಲ್ಲಿ ಮರುಳಪ್ಪ ಹೇಳಿದ: "ಎದುರಿಗಿರೋ ಬೋರ್ಡನ್ನ ದಿನಾ ಓದಿ ಓದಿ ನಾಲಿಗೆಗೆ ತರದೆ ಇರೋನು ಅದನ್ನ ಮರೆತಿರಲ್ಲ, ಸರ್. ಅದು ಒಳಗೇ ಚುಚ್ತಿರುತ್ತೆ."

"ನಿನಗೆ ಹೆಂಗೆ ಗೊತ್ತು?"

ಮರುಳಪ್ಪ ಹೆಜ್ಜೆ ಬಿರುಸು ಮಾಡಿದ. ಜಗಳೂರಿನಲ್ಲಿ ಅವನು ಬಯಸಿದ್ದ ಮೇಷ್ಟರ ಕೆಲಸ ಸಹಪಾಠಿಯೊಬ್ಬನಿಗೆ ಸಿಕ್ಕಿತ್ತು. ಅಂದಿನಿಂದ ಆ ಗೆಳೆಯನ ಹೆಸರು ಅವನ ಬಾಯಿಂದ ಹೊರಟಿರಲಿಲ್ಲ.

ಶುಕ್ರವಾರ ನಮಾಜಿನ ನಂತರ ಓಂಕಾರಪ್ಪ ಕರೆಸಿದ್ದ ಬೀಗರೂ ಗಿಡ್ಡಪ್ಪನೂ ಸಹಿತ ಎಲ್ಲರೂ ಖಾಜಾಸಾಬರ ಅಂಗಳದಲ್ಲಿ ಸೇರಿದರು. ಬಾಗಿಲ ಪರದೆಯ ಹಿಂದೆ ತಾಜ್‌ಬೀಯೂ ಮಗಳು ರಹೀಮುನ್ನೀಸಾಳೂ ನಿಂತಿದ್ದರು.

"ಮೊದಲ ಲೋಟದ ನಂತರ ಕೊಡದ ಹತ್ತಿರ ಯಾರೂ ಹೋಗಿಲ್ಲ," ಓಂಕಾರಪ್ಪ ಶುರು ಮಾಡಿದರು. "ಅಂದ್ಮೇಲೆ ಮೊದಲ ಲೋಟದಲ್ಲೂ ಸಾರಾಯಿ ಇತ್ತು. ಕುಡಿದೋನು ಕೆಮ್ಮಲಿಲ್ಲ. ಮೇಲಾಗಿ ಇಲ್ಲದ ಚಹಾನ ಹೊಗಳ್ದ. ಯಾಕಂದ್ರೆ ಅವನು ಕುಡೀಲೇ ಇಲ್ಲ. ಗಡ್ಡ ಒರೆಸೋ ನೆಪದಲ್ಲಿ ಹೆಗಲ ರುಮಾಲಿಗೆ ಸುರುವಿಕೊಂಡ. ಸಾರಾಯಿ ಆರಿತು, ಬೆಲ್ಲ ಉಳೀತು, ಇರುವೆ ಬಂದವು. ಗಿಡ್ಡಪ್ಪ ಹಿತ್ತಲಿಗೆ ಬಂದಿದ್ದ, ಆದ್ರೆ ಲೋಟ ಅವನ ಕೈಗೆ ಬರಲಿಲ್ಲ. ಕೊಡದಲ್ಲಿ ಏನೈತೆ ಅಂತ ಗೊತ್ತಿಲ್ಲದೋನು ಕುಡಿಯಾಕೆ ಯಾಕೆ ಹೆದರ್ತಾನೆ, ಪೀರ್‌ಸಾಬ್?"

ಪೀರ್‌ಸಾಬ್ ನೆಲ ನೋಡಿದ. "ಸಾರಾಯಿನ ಸೋಡಾ ಬಾಟ್ಲೀಲೇ ತಂದಿದ್ದೆ," ಎಂದ. "ನಮ್ಮಪ್ಪನ ಕಾಲದಿಂದ ಅಂಗಡಿ ಐತೆ. ಇವ್ರು ನಾಲ್ಕು ಅಕ್ಷರ ಬರೆಸಿದ್ರು, ಊರೆಲ್ಲ ಆ ಕಡೆ ತಿರುಗ್ತು. ಆ ಹೆಸರಿನ ಅರ್ಥ ಬಸ್ಸಿನ ಡ್ರೈವರ್ ಹೇಳ್ದ. ಅದರಿಂದ್ಲೇ ಕೆಡವಬೇಕು ಅನ್ನಿಸ್ತು."

"ಸುರಿದೋನು ಕುಡಿದುಬಿಡಬೇಕಿತ್ತು," ಗಿಡ್ಡಪ್ಪ ಗೊಣಗಿದ. "ಯಾರಿಗೂ ತಿಳೀತಿರಲಿಲ್ಲ."

"ಶರಾಬು ಹೆಂಗೆ ಕುಡೀಲಿ? ಹರಾಮ್ ಅಲ್ವಾ?"

ಪರದೆಯ ಹಿಂದಿನಿಂದ ತಾಜ್‌ಬೀಯ ಧ್ವನಿ ಬಂತು: "ನಿನ್ನ ಗಂಟಲಿಗೆ ಹರಾಮು. ನನ್ನ ಮಗಳ ಬಾಳಿಗೆ?"

ರಸೂಲ್‌ಸಾಬ್ ಟೋಪಿ ಸರಿಮಾಡಿಕೊಂಡರು. "ತಪ್ಪು ನಮ್ಮದೂ ಐತೆ. ಹೆಸರು ಕೇಳಿ ಮನುಷ್ಯನ್ನ ಅಳೆದ್ವಿ. ಹೊಸ ಕೊಡ ತರಿಸ್ರಿ ಬೀಗ್ರೆ."

ಕೊಡ ಬಂತು. ಖಾಜಾಸಾಬ್ ಮೊದಲ ಲೋಟ ಹಿಡಿದು ಅಂಗಳ ದಾಟಿ ಪೀರ್‌ಸಾಬನ ಮುಂದೆ ನಿಂತರು. "ಮಾಮಾ ನೀನೊಬ್ನೇ. ಬೇರೆಯವರಿಗೆ ಕೊಡಾಕೆ ಬರಲ್ಲ."

ಪೀರ್‌ಸಾಬ್ ಎರಡೂ ಕೈಯಲ್ಲಿ ಇಸಿದುಕೊಂಡು ತಳ ಕಾಣುವವರೆಗೆ ಕುಡಿದ.

"ಹೆಂಗೈತೆ?"

"ಚಹಾ ಹಾಕಿಲ್ಲ," ಎಂದ. ತುಸು ತಡೆದು, ಮುಳ್ಳು ಕೀಳುವವನಂತೆ ಹೇಳಿದ: "ಪ್ಲಾಂಟರ್ಸ್ ಪಂಚ್... ಚಲೋ ಐತೆ, ಭಾವಾ."

ಮರುಳಪ್ಪ ಓಂಕಾರಪ್ಪನವರ ಜೊತೆ ಮನೆಗೆ ನಡೆದ. ಹೊಳೆಯ ದಾರಿ ತಿರುಗುವಲ್ಲಿ ಅವನೇ ಬಾಯಿಬಿಟ್ಟ.

"ಹಾಲಸ್ವಾಮಿ," ಎಂದ. "ಜಗಳೂರಿನಲ್ಲಿ ಮೇಷ್ಟರಾಗಿರೋನು. ಅವನ ಹೆಸರು ಹಾಲಸ್ವಾಮಿ, ಸರ್."