ವಾರಕ್ಕೊಂದು ಕಾಯಿಲ್

"ಇದು ಹೊಗೆನಾ? ನಮ್ಮಮ್ಮನ ಟೀ ಕಪ್ಪಿಂದ ಇದಕ್ಕಿಂತ ಜಾಸ್ತಿ ಹಬೆ ಬರುತ್ತೆ!"

ಗಾಜಿನ ಕೌಂಟರಿನ ಮೇಲೆ ವೇಪ್, ಅದೇ ಇ-ಸಿಗರೇಟು, ಟಪ್ಪನೆ ಬಿತ್ತು. ಎಲೆರಿ ತಲೆ ಎತ್ತಿದಳು.

ಎದುರಿಗೆ ನಿಂತವನ ಕೂದಲ ತುಂಬ ಸ್ಲೇಟುಕಲ್ಲಿನ ಬೂದು ಪುಡಿ. ಮುಖದ ತುಂಬ ಸಿಟ್ಟು. ಹೊಸದಾಗಿ ಸಿಗರೇಟು ಬಿಟ್ಟ ಗಂಡಸಿನ ಸಿಟ್ಟು ಎಂಥದ್ದೆಂದು ಸ್ವಾನ್ಸಿ ಊರಿನ ಮಾರ್ಕೆಟ್ಟಿನಲ್ಲಿ ವೇಪ್ ಅಂಗಡಿ ಇಟ್ಟವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಮೊದಲು ಆ ಗಾಜಿಗೆ ಸಾರಿ ಕೇಳಿ. ಆಮೇಲೆ ನನ್ನ ಹತ್ರ ಮಾತಾಡಿ," ಎಂದಳು.

ಅವನು ಗಾಜನ್ನೊಮ್ಮೆ ನೋಡಿದ. ಆಮೇಲೆ ನಿಜವಾಗಿಯೂ ಬಗ್ಗಿ, ಗಾಜಿನ ಹತ್ತಿರ ಬಾಯಿ ತಂದು, "ಸಾರಿ ಕಣಮ್ಮಾ," ಎಂದ!

ಹೇಳಿ ತಾನೇ ನಕ್ಕ ನೋಡಿ... ಎಲೆರಿ ಗಾಜನ್ನೂ ಮರೆತು ಆ ನಗುವನ್ನೇ ನೋಡಿದಳು.

ಅವನ ಹೆಸರು ಗೆಥಿನ್. ಮನೆಗಳ ಛಾವಣಿಗೆ ಸ್ಲೇಟು ಹೊದಿಸುವುದು ಅವನ ಕೆಲಸ. ಏಣಿ ಹತ್ತುವಾಗ ಉಸಿರು ಸಿಕ್ಕಿಕೊಳ್ಳತೊಡಗಿದ ಮೇಲೆ ಸಿಗರೇಟು ಬಿಟ್ಟು ವೇಪ್ ಹಿಡಿದಿದ್ದ. ಆದರೆ ಅದರ ತೆಳು ಹಬೆ ಅವನ ಚಟಕ್ಕೆ ಯಾವ ಮೂಲೆಗೂ ಸಾಲುತ್ತಿರಲಿಲ್ಲ.

"ಕೆಳಗೊಂದು ಚಕ್ರ ಇದೆಯಲ್ಲ, ವೋಲ್ಟೇಜ್ ಏರಿಸೋದು. ಅದನ್ನ ತಿರುಗಿಸಲಾ?" ಎಂದು ಕೇಳಿದ.

'ಹೂಂ, ತಿರುಗಿಸಿ.' ಪ್ರಾಮಾಣಿಕ ಉತ್ತರ ಇಷ್ಟೇ ಆಗಿತ್ತು.

ದಪ್ಪ ಹಬೆ ಬೇಕೆನ್ನುವವರಿಗೆ ದಾರಿ ಎರಡು. ವೋಲ್ಟೇಜ್ ಏರಿಸಬೇಕು, ಇಲ್ಲವೇ ರೆಸಿಸ್ಟೆನ್ಸ್ ಕಡಿಮೆ ಇರುವ ಕಾಯಿಲ್, ಅಂದರೆ ದ್ರವವನ್ನು ಕಾಯಿಸುವ ತಂತಿಸುರುಳಿ, ಹಾಕಬೇಕು. ಇವನಿಗೆ ಮೊದಲನೆಯದೇ ಸರಿ. ಚಕ್ರ ಒಂದಿಷ್ಟು ತಿರುಗಿಸಿದರೆ ಕೆಲಸ ಮುಗಿಯಿತು. ಕಂಪನಿಯ ಮಾಮೂಲಿ ಕಾಯಿಲ್ ತಿಂಗಳವರೆಗೂ ಬಾಳುತ್ತದೆ, ಅಲ್ಲಿಯವರೆಗೆ ಅವನು ಈ ಕಡೆ ತಲೆ ಹಾಕಬೇಕಾಗಿಲ್ಲ. ಎರಡನೆಯದು ಎಲೆರಿ ತಾನೇ ತಂತಿ ಸುತ್ತಿ ಮಾಡುವ ಕಾಯಿಲ್. ಅದರಲ್ಲಿ ಹಬೆ ಮೋಡದಂತೆ ಬರುತ್ತದೆ ನಿಜ, ಆದರೆ ಅದು ಬ್ಯಾಟರಿಯನ್ನು ಗಟಗಟ ಕುಡಿದು, ವಾರ ತುಂಬುವಷ್ಟರಲ್ಲಿ ತಾನೂ ಸುಟ್ಟು ಹೋಗುತ್ತದೆ. ಅದನ್ನು ಹಾಕಿಸಿಕೊಂಡವರು ವಾರಕ್ಕೊಮ್ಮೆ ಅಂಗಡಿಗೆ ಬರಲೇಬೇಕು.

ವಾರಕ್ಕೊಮ್ಮೆ!

"ಅಯ್ಯೋ, ಚಕ್ರ ಮಾತ್ರ ಮುಟ್ಟಬೇಡಿ!" ಎಂದುಬಿಟ್ಟಳು ಎಲೆರಿ. "ನಿಮಗೆ ರೆಸಿಸ್ಟೆನ್ಸ್ ಕಡಿಮೆ ಇರೋ ಕಾಯಿಲ್ಲೇ ಆಗಬೇಕು. ನಾನೇ ಸುತ್ತಿ ಕೊಡ್ತೀನಿ. ಅದು ಒಳಗಿರುವಾಗ ವೋಲ್ಟೇಜ್ ಏರಿಸಿದ್ರೆ ದ್ರವ ಹೀರೋ ಹತ್ತಿ ಸುಟ್ಟು ಕರಕಲಾಗುತ್ತೆ. ಎರಡರಲ್ಲಿ ಒಂದೇ, ಗೊತ್ತಾಯ್ತಾ?"

"ನೀವು ಹೇಳಿದ ಮೇಲೆ ಮುಗೀತು," ಎಂದ ಅವನು, ಪಾಪ, ನಂಬಿಕೊಂಡು.

ಅವನು ಹೋದ ಮೇಲೆ ಅವಳು ಕೌಂಟರಿನ ಗಾಜನ್ನು ಒರೆಸಿದ್ದೇ ಒರೆಸಿದಳು. 'ಏನು ಮಾಡಿದೆ ನಾನು? ಒಬ್ಬ ಗಿರಾಕಿಗೂ ಇವತ್ತಿನವರೆಗೆ ಸುಳ್ಳು ಹೇಳಿದವಳಲ್ಲ... ಗೊತ್ತಾದರೆ ಇವನು ಮತ್ತೆ ನನ್ನ ಮುಖ ನೋಡ್ತಾನಾ?'

ಆದರೂ ಅವಳು ಶುಕ್ರವಾರವನ್ನು ಕಾಯತೊಡಗಿದಳು.

ಪ್ರತಿ ಶುಕ್ರವಾರ ಕೆಲಸ ಮುಗಿಸಿ ಅವನು ಬರುತ್ತಿದ್ದ. "ಸುಟ್ಟುಹೋಯ್ತು ಕಣ್ರೀ, ಇನ್ನೊಂದು ಕೊಡಿ." ಅವಳು ತಂತಿ ಸುತ್ತುವುದನ್ನು ಕೆನ್ನೆಗೆ ಕೈ ಕೊಟ್ಟು ನೋಡುತ್ತಿದ್ದ. ಪಕ್ಕದಲ್ಲೇ ಬೇಯಿಸಿದ ಚಿಪ್ಪುಮೀನು ಮಾರುವ ಗ್ಲೆನಿಸ್ ಆಂಟಿಯ ಹತ್ತಿರ ಒಂದು ಲೋಟ ತಂದು, ವಿನೆಗರ್ ಸುರಿದು, ಇಬ್ಬರೂ ನಿಂತುಕೊಂಡೇ ತಿನ್ನುತ್ತಿದ್ದರು. ಒಂದು ವಿಷಯ ಮಾತ್ರ ಎಲೆರಿಗೆ ಅರ್ಥವಾಗುತ್ತಿರಲಿಲ್ಲ. ತನ್ನ ವೇಪನ್ನು ಅವನು ಅವಳ ಕೈಗೆ ಕೊಡುತ್ತಿರಲಿಲ್ಲ. "ಬೇಡ ಬಿಡಿ, ಮನೇಲಿ ನಾನೇ ಹಾಕ್ಕೋತೀನಿ," ಎನ್ನುತ್ತಿದ್ದ.

ಹೀಗಿರುವಾಗ ಒಂದು ಸೋಮವಾರ ಗ್ಲೆನಿಸ್ ಆಂಟಿ ಸೌಟು ಹಿಡಿದುಕೊಂಡೇ ಬಂದಳು.

"ನಿನ್ನ ಸ್ಲೇಟು ಹುಡುಗ ಇದಾನಲ್ಲ ಕೂಸೇ, ಶನಿವಾರ ಎಲ್ಲಿದ್ದ ಗೊತ್ತಾ? ಕಾರಿಸ್ ಅಂಗಡೀಲಿ!"

"ನನ್ನ ಹುಡುಗ ಅಂತ ಯಾರಂದ್ರು ನಿಮಗೆ?"

"ಯಾರೂ ಅನ್ನಲಿಲ್ಲ. ನಿನ್ನ ಮುಖ ಅಂದಿದ್ದು. ಈಗ ನೋಡು, ಹೇಗೆ ಕೆಂಪಗಾಯ್ತು!"

ಕಾರಿಸ್! ಬಸ್ ನಿಲ್ದಾಣದ ದಾರಿಯಲ್ಲಿ ದೊಡ್ಡ ವೇಪ್ ಅಂಗಡಿ ಇಟ್ಟವಳು. ಗಂಡಸರನ್ನೆಲ್ಲ 'ಚಿನ್ನ, ಚಿನ್ನ' ಎಂದೇ ಕರೆಯುವವಳು. ಎಲೆರಿ ಕೈಯಲ್ಲಿದ್ದ ತಂತಿಯನ್ನು ತುಂಡಾಗುವವರೆಗೆ ತಿರುಚಿದಳು.

'ಇರಲಿ... ಯಾರಾದರೂ ಗೆಳೆಯನ ಜೊತೆ ಹೋಗಿದ್ದಿರಬಹುದು...' ಎಂದು ಸಮಾಧಾನ ಮಾಡಿಕೊಂಡಳು. ಮನಸ್ಸು ಕೇಳಬೇಕಲ್ಲ? ಮರುದಿನ ಊಟದ ಹೊತ್ತಿಗೆ ಕಾಲು ತಾನಾಗಿಯೇ ಬಸ್ ನಿಲ್ದಾಣದ ದಾರಿ ಹಿಡಿಯಿತು.

ಕಿಟಕಿಯೊಳಗೆ ಗೆಥಿನ್ ಇದ್ದ! ಕಾರಿಸ್ ಅವನ ಹೆಗಲ ಮೇಲೆ ಕೈಯಿಟ್ಟು ಏನೋ ಹೇಳುತ್ತಿದ್ದಳು. ಅವನು ನಗುತ್ತಿದ್ದ. ತನಗಾಗಿಯೇ ಇಟ್ಟಿದ್ದಾನೆ ಎಂದು ಎಲೆರಿ ಅಂದುಕೊಂಡಿದ್ದ ಅದೇ ನಗು... ತನ್ನ ಕೈಗೆ ಒಮ್ಮೆಯೂ ಕೊಡದ ವೇಪ್, ಕಾರಿಸಳ ಕೆಂಪು ಉಗುರುಗಳ ನಡುವೆ ಬಿಚ್ಚಿಕೊಂಡು ಕೂತಿತ್ತು!

'ಇವಳ ಉಗುರು ಮುರಿಯ!'

ಅವಳು ಬಿರಬಿರನೆ ವಾಪಸಾದಳು. ದಾರಿಯುದ್ದಕ್ಕೂ ಎರಡು ಬೆಂಕಿ. ಅವನು ಕಾರಿಸಳ ಪಾಲಾದ ಎಂಬುದು ಒಂದು. ಅದಕ್ಕಿಂತ ದೊಡ್ಡದು, ಆ ಕಾರಿಸ್ ವೇಪ್ ಬಿಚ್ಚಿ ನೋಡಿದ ಮೇಲೆ ಹೇಳದೆ ಬಿಡುತ್ತಾಳೆಯೇ? 'ಚಿನ್ನ, ಚಕ್ರ ತಿರುಗಿಸಿದ್ರೆ ಸಾಕಿತ್ತಲ್ಲ! ಈ ಕಾಯಿಲ್ ಕಟ್ಟಿ ನಿನಗೆ ಟೋಪಿ ಹಾಕಿದ್ದು ಯಾರು?' ಎಂದಿರುತ್ತಾಳೆ. ಇಬ್ಬರೂ ಸೇರಿ ನಕ್ಕಿರುತ್ತಾರೆ.

ತಾನೇ ಸುಳ್ಳು ಹೇಳಿದವಳು ಇನ್ನೊಬ್ಬರ ಮೇಲೆ ಉರಿದು ಬೀಳುವುದು ಯಾವ ನ್ಯಾಯ ಎಂದು ಕೇಳಬೇಡಿ. ಹೊಟ್ಟೆಕಿಚ್ಚು ಯಾವತ್ತು ನ್ಯಾಯ ನೋಡಿದೆ? ಆ ವಾರ ಎಲೆರಿ ಸುತ್ತಿದ ಕಾಯಿಲ್ಲುಗಳೆಲ್ಲ ಸೊಟ್ಟಗಾದವು. ಸ್ಟ್ರಾಬೆರಿ ರುಚಿಯ ವೇಪ್ ದ್ರವ ಕೇಳಿದ ಮುದುಕರೊಬ್ಬರಿಗೆ ಪುದೀನ ಕೊಟ್ಟು ಕಳಿಸಿದಳು.

ಶುಕ್ರವಾರ ಬಂತು. ಅವನೂ ಬಂದ!

"ಸುಟ್ಟುಹೋಯ್ತು ಕಣ್ರೀ..." ಎನ್ನುತ್ತ ಚಿಪ್ಪುಮೀನಿಗೆ ಚಿಲ್ಲರೆ ಹುಡುಕಲು ಅವನು ಜೇಬಿನಲ್ಲಿದ್ದುದನ್ನೆಲ್ಲ ಕೌಂಟರಿನ ಮೇಲಿಟ್ಟ. ಕೈಗವಸು, ಬೀಗದಕೈ, ಜೊತೆಗೆ ಮರೆತು ವೇಪನ್ನೂ.

ಎಲೆರಿಯ ಕಣ್ಣು ಅದರ ಚಕ್ರದ ಮೇಲೆ ಬಿತ್ತು. ವೋಲ್ಟೇಜ್ ತುತ್ತತುದಿಯಲ್ಲಿತ್ತು.

ಅವಳ ಕಾಯಿಲ್ ಒಳಗಿರಲು ಸಾಧ್ಯವೇ ಇಲ್ಲ. ಅವನು ಕೈ ಚಾಚುವ ಮೊದಲೇ ಅದನ್ನೆತ್ತಿ ತಿರುಪಿ ಬಿಚ್ಚಿದಳು. ಒಳಗೆ ಅಚ್ಚುಕಟ್ಟಾಗಿ ಕೂತಿದ್ದದ್ದು ಕಂಪನಿಯ ಮಾಮೂಲಿ ಕಾಯಿಲ್.

"ನನ್ನ ಕಾಯಿಲ್ ಎಲ್ಲಿ?"

"ಅದು... ಅಂದ್ರೆ..."

"ಇದು ಕಾರಿಸ್ ಕೊಟ್ಟಿದ್ದಾ?"

ಅವನು ತಲೆ ತಗ್ಗಿಸಿದ. "ಹೂಂ."

"ಹಾಗಾದ್ರೆ ಅಲ್ಲಿಗೇ ಹೋಗು! ಇಲ್ಲಿಗ್ಯಾಕೆ ಬರ್ತೀಯ? ಅವಳು ಚಿನ್ನ ಅಂತಾಳೆ, ಹೆಗಲ ಮೇಲೆ ಕೈ ಹಾಕ್ತಾಳೆ, ನಿನಗೆ ಅದೇ ಸರಿ! ಹೋಗು!"

'ನೀವು' ಹೋಗಿ 'ನೀನು' ಯಾವಾಗ ಬಂತೋ ಅವಳಿಗೇ ತಿಳಿಯಲಿಲ್ಲ. ಪಕ್ಕದಲ್ಲಿ ಗ್ಲೆನಿಸ್ ಆಂಟಿಯ ಸೌಟು ನಿಂತಿತು.

"ನೀನು ನೋಡಿದ್ಯಾ?" ಗೆಥಿನ್ ಬೆರಗಾಗಿ ಕೇಳಿದ.

"ಕಣ್ಣಿದೆ, ನೋಡ್ದೆ!"

"ಅವಳು ನನ್ನ ಹೆಗಲ ಮೇಲಿನ ಸ್ಲೇಟು ಪುಡಿ ಕೊಡವಿದ್ದು ಎಲೆರಿ! 'ಚಿನ್ನ, ಆಚೆ ಕೊಡವಿಕೊಂಡು ಬಾ, ಅಂಗಡಿ ಗಲೀಜು ಮಾಡ್ಬೇಡ' ಅಂತ ಬೈದಳು. ಅದಕ್ಕೆ ನಗು ಬಂತು."

"ಮತ್ತೆ ನಾನು ಸುತ್ತಿಕೊಟ್ಟಿದ್ದೆಲ್ಲ ಏನಾಯ್ತು?"

"ಮನೇಲಿವೆ... ಸಕ್ಕರೆ ಬಟ್ಟಲಲ್ಲಿ."

"ಎಲ್ಲಾನೂ?"

"ಒಂದು ಬಿಟ್ಟು. ಒಂದು ಮೊನ್ನೆ ಅಮ್ಮನ ಟೀಯಲ್ಲಿ ಸಿಕ್ತು."

ಅವಳಿಗೆ ನಗು ಉಕ್ಕಿತು. ಕಷ್ಟಪಟ್ಟು ನುಂಗಿಕೊಂಡಳು.

"ಮೊದಲನೇ ದಿನ ಹಾಕ್ಕೊಂಡೆ ಎಲೆರಿ, ಸುಳ್ಳಲ್ಲ," ಗೆಥಿನ್ ತೊದಲಿದ. "ಒಂದೇ ದಮ್ಮಿಗೆ ಕೆಮ್ಮು ಹತ್ತಿ ಏಣಿ ಮೇಲಿಂದ ಬೀಳೋ ಹಾಗಾಯ್ತು. ಮಧ್ಯಾಹ್ನಕ್ಕೇ ಚಾರ್ಜ್ ಖಾಲಿ. ಅದನ್ನ ತೆಗೆದು ಹಳೇದನ್ನೇ ಹಾಕಿ ಚಕ್ರ ತಿರುಗಿಸಿದೆ, ಎಲ್ಲ ಸರಿಹೋಯ್ತು. ಆ ಹಳೇದು ಕಳೆದ ವಾರ ಕೆಟ್ಟುಹೋಯ್ತು. ನಿನ್ನ ಹತ್ರ ಕೇಳಿದ್ರೆ ಗುಟ್ಟು ರಟ್ಟಾಗುತ್ತಲ್ಲ! ಅದಕ್ಕೆ ಶನಿವಾರ ಕಾರಿಸ್ ಹತ್ರ ಹೋದೆ, ಮಂಗಳವಾರ ಬಾ ಅಂದಳು."

"ಸರಿಹೋಗಿದ್ರೆ ಪ್ರತಿ ವಾರ ಯಾಕೆ ಬಂದೆ? ಸುಟ್ಟುಹೋಯ್ತು, ಇನ್ನೊಂದು ಕೊಡಿ ಅಂತ ಯಾಕೆ ಸುಳ್ಳು ಹೇಳಿದೆ?"

ಅವನು ಕೈಗವಸು ಎತ್ತಿಕೊಂಡು ಹಿಂಡಿದ. ಕಿವಿಯ ತುದಿಯವರೆಗೆ ಕೆಂಪಾದ.

"ಸುಟ್ಟಿಲ್ಲ ಅಂದಿದ್ರೆ... ಇಲ್ಲಿಗೆ ಬರೋಕೆ ನನಗೆ ಏನು ಕಾರಣ ಇರ್ತಿತ್ತು?"

ಎಲೆರಿಯ ಕೈಯಲ್ಲಿದ್ದ ವೇಪ್ ಮೆಲ್ಲಗೆ ಕೌಂಟರಿಗಿಳಿಯಿತು.

"ತಪ್ಪು ನಂದೇ," ಎಂದ ಅವನು. "ನೀನು ನನ್ನ ಒಳ್ಳೇದಕ್ಕೆ ಅಂತ ಕೂತು ತಂತಿ ಸುತ್ತುತ್ತಿದ್ದೆ. ನಾನು ನಿನಗೆ ಮೋಸ ಮಾಡಿದೆ. ಕ್ಷಮಿಸು."

ಈಗ ಸುಮ್ಮನೆ "ಹೋಗಲಿ ಬಿಡು" ಎಂದಿದ್ದರೆ ಸಾಕಿತ್ತು. ಅವನು ಜೀವನಪೂರ್ತಿ ಅವಳನ್ನು ಒಳ್ಳೆಯವಳೆಂದೇ ನಂಬಿಕೊಂಡಿರುತ್ತಿದ್ದ. ಆ ಆಸೆ ಅವಳ ನಾಲಿಗೆಯ ತುದಿಯವರೆಗೂ ಬಂತು. ಆದರೆ ತನ್ನೆದುರು ತಲೆ ತಗ್ಗಿಸಿ ನಿಂತ ಅವನನ್ನು ನೋಡುತ್ತ ಅವಳಿಗೆ ಅದನ್ನು ಹೇಳಲಾಗಲಿಲ್ಲ.

"ಒಳ್ಳೇದಕ್ಕೆ ಅಲ್ಲ," ಎಂದಳು.

"ಏನು?"

"ನಾನು ನಿನ್ನ ಒಳ್ಳೇದಕ್ಕೆ ಕೊಟ್ಟಿದ್ದಲ್ಲ ಗೆಥಿನ್. ಚಕ್ರ ತಿರುಗಿಸಿದ್ರೆ ಸಾಕು ಅಂತ ನನಗೆ ಅವತ್ತೇ ಗೊತ್ತಿತ್ತು. ನನ್ನ ಕಾಯಿಲ್ ವಾರಕ್ಕೇ ಸುಟ್ಟು ಹೋಗುತ್ತೆ ಅಂತಾನೂ ಗೊತ್ತಿತ್ತು. ಸುಟ್ಟು ಹೋಗಲಿ, ನೀನು ಮತ್ತೆ ಬರಲಿ ಅಂತಾನೇ... ನೀನು ಏಣಿ ಮೇಲೆ ಕೆಮ್ಮುತ್ತೀಯ ಅಂತ ನಾನು ಯೋಚನೆ ಮಾಡಲೇ ಇಲ್ಲ. ಬೈ. ಬೈದು ಹೋಗು."

ಅವನು ಬೈಯಲಿಲ್ಲ, ನಗಲೂ ಇಲ್ಲ. ಅವಳನ್ನೇ ನೋಡುತ್ತ ನಿಂತ. ಎಲೆರಿಯ ಕಣ್ಣು ತುಂಬಿ ಬಂತು.

'ಮುಗೀತು... ಇನ್ನು ಇವನು ಬರಲ್ಲ...'

"ಅವತ್ತೇ ಅಂದ್ರೆ... ನಾನು ಮೊದಲು ಬಂದ ದಿನಾನೇ?" ಅವನ ದನಿ ತಗ್ಗಿತ್ತು.

"ನೀನು ನಕ್ಕೆಯಲ್ಲ. ಆಗಲೇ."

ಕೌಂಟರಿನಾಚೆಯಿಂದ ಒಂದು ಒರಟು ಕೈ ಬಂದು ಅವಳ ಕೈ ಹಿಡಿಯಿತು. ಗಟ್ಟಿಯಾಗಿ ಹಿಡಿಯಿತು.

"ದೇವರೇ! ಇಬ್ಬರೂ ಸುಳ್ಳುಬುರುಕರು!" ಗ್ಲೆನಿಸ್ ಆಂಟಿ ಸೌಟಿನಿಂದ ಪಾತ್ರೆ ಬಡಿದಳು. "ಜೋಡಿ ಸರಿಹೋಯ್ತು. ನಾನು ಸಾಕ್ಷಿ!"

ಈಗ ಗೆಥಿನ್ ನಕ್ಕ. ಎಲೆರಿಯೂ ನಕ್ಕಳು, ಕಣ್ಣೀರು ಒರೆಸಿಕೊಳ್ಳಲು ಕೈ ಬಿಡಿಸಿಕೊಳ್ಳಲಾಗದೆ.

"ಹಾಗಾದ್ರೆ ಇನ್ಮೇಲೆ ಯಾವ ನೆಪ ಹೇಳ್ಕೊಂಡು ಬರಲಿ?" ಎಂದ.

"ನೆಪ ಏನೂ ಬೇಡ. ಸುಮ್ಮನೆ ಬಾ." ಕೂಡಲೇ, "ಆದ್ರೆ ಆ ಕಾರಿಸ್ ಅಂಗಡಿ ಮುಂದಿಂದ ಬರಬೇಡ," ಎಂದಳು.

"ಅಯ್ಯೋ, ಬಸ್ ಇಳಿದು ಬರೋಕೆ ಅದೇ ಹತ್ತಿರದ ದಾರಿ ಕಣೇ!"

"ಸುತ್ತಿಕೊಂಡು ಬಾ."

ಅವನು ಅವಳ ಕೈಯನ್ನು ತನ್ನ ಕೆನ್ನೆಗೊತ್ತಿಕೊಂಡ. ಅವಳ ಬೆರಳಿಗೆ ಸ್ಲೇಟಿನ ಪುಡಿ ಅಂಟಿತು.

"ಸರಿ," ಎಂದ, "ಸುತ್ತಿಕೊಂಡೇ ಬರ್ತೀನಿ."