ದುರಸ್ತಿಯಲ್ಲಿರುವ ಕಪಾಟುಗಳು

ಸಮಪಾಲಿ ತಡಮಾಡದೆ ಉತ್ತರ ಕೊಟ್ಟಿತು: ‘ದೇಶದಲ್ಲಿ ಎಲ್ಲಿಯೂ ಖಾಲಿ ಇರುವ ಗಣಕವಿಲ್ಲ.’

ಧಾರವಾಡದ ಗಣನಕೇಂದ್ರದ ಗಣಕಪಾಲಕಿ ಮಾಲಿನಿ ಹೆರಕಲ್ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಪಕ್ಕದ ಕುರ್ಚಿಯಲ್ಲಿ ಬಸ್ ಚಾಲಕ ಫಕೀರಪ್ಪ ಬಾರಕೇರ ಕುಳಿತಿದ್ದ. ಅವನ ಹೆಂಡತಿ ಶಾವಂತ್ರವ್ವನಿಗೆ ವಿಚಿತ್ರ ಜ್ವರ. ಅವಳ ರಕ್ತಕ್ಕೇ ಹೊಂದುವ ಮದ್ದಿನ ರಚನೆಯನ್ನು ಗಣಕಗಳು ಲೆಕ್ಕ ಹಾಕಿ ಕೊಡಬೇಕು. ಇವತ್ತೇ ಕೊಡದಿದ್ದರೆ ಅವಳು ಉಳಿಯುವುದಿಲ್ಲವೆಂದು ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟಿದ್ದರು. ಆಸ್ಪತ್ರೆಯಲ್ಲಿ ಕೂರಲಾರದೆ ಅವನು ಇಲ್ಲಿಗೇ ಬಂದಿದ್ದ.

“ಈ ಸಮಪಾಲಿ ಅಂದ್ರ ಏನ್ರಿ ಅಕ್ಕಾರ?”

“ದೇಶದಾಗಿನ ಗಣನಕೇಂದ್ರ ಎಲ್ಲಾ ಜೋಡಿಸೋ ಯಂತ್ರರಿ. ಯಾರ ಕಡೆ ಗಣಕ ಖಾಲಿ ಅದಾವೋ, ಅವನ್ನ ಬೇಕಾದವರಿಗೆ ಕೊಡ್ತದ. ನಾವು ಗಣಕಪಾಲಕರು ಸುದ್ದಿ ಹಂಚಿಕೊಳ್ಳೋದೂ ಅದರಾಗ. ಎಲ್ಲಿ ಪಂಪು ಸೋರಿತು, ಗಣಕ ತುಂಬಿದ ಯಾವ ಕಪಾಟು ಕೆಡ್ತು, ಎಲ್ಲಾ.”

“ಹಂಗಾರ ಎಲ್ಲಾ ದುಡಿಯಾಕತ್ತಾವೇನ್ರಿ?”

“ಭಾಳ ಕೆಟ್ಟಾವ,” ಎಂದಳು ಮಾಲಿನಿ, ಅವನ ಮುಖ ನೋಡದೆ.

ಕೆಟ್ಟಿದ್ದವೆ? ಕಿತಾಪತಿ ಇದ್ದದ್ದೇ ಅಲ್ಲಿ. ಸಮಪಾಲಿ ಬರುವ ಮೊದಲು ಗಣಕಪಾಲಕರು ಫೋನಿನಲ್ಲಿ ಕೇಳಿ ಪಡೆದು, ಕೇಳಿದವರಿಗೆ ಕೊಟ್ಟು, ಸಲಿಗೆಯಿಂದಲೇ ಇದ್ದರು. ಇದು ಬಂದದ್ದೇ ತಡ, ಖಾಲಿ ಕಂಡದ್ದನ್ನೆಲ್ಲ ಹೇಳದೆ ಕೇಳದೆ ಎತ್ತಿ ಕೊಡತೊಡಗಿತು. ತಮ್ಮ ವಿಜ್ಞಾನಿಗಳೇ ಬಂದು ಕೇಳಿದಾಗ ಕೈ ಖಾಲಿ. ಮಾಲಿನಿ ಒಂದು ಉಪಾಯ ಹೂಡಿದಳು. ಚೆನ್ನಾಗಿದ್ದ ನಾಲ್ಕು ಗಣಕ ಕಪಾಟುಗಳು ‘ದುರಸ್ತಿಯಲ್ಲಿವೆ’ ಎಂದು ಸುದ್ದಿ ಹಾಕಿದಳು. ಕೆಟ್ಟದ್ದನ್ನು ಸಮಪಾಲಿ ಮುಟ್ಟುವುದಿಲ್ಲ. ಆಪತ್ತಿಗಿರಲಿ ಎಂದು ಇಟ್ಟುಕೊಂಡದ್ದು, ಅಷ್ಟೇ. ಅದು ತಪ್ಪೆಂದು ಅವಳಿಗೆ ಎಂದೂ ಅನ್ನಿಸಿರಲಿಲ್ಲ.

ಆಪತ್ತು ಈಗ ಪಕ್ಕದಲ್ಲೇ ಕೂತಿತ್ತು. ಆದರೆ ನಾಲ್ಕು ಕಪಾಟು ಯಾವ ಮೂಲೆಗೆ ಸಾಕು? ಈ ಲೆಕ್ಕಕ್ಕೆ ನೂರಾದರೂ ಬೇಕು. ಕೊನೆಗೆ ನಾಚಿಕೆ ಬಿಟ್ಟು, ಎಲ್ಲರೂ ಓದುವ ಸುದ್ದಿಪಟದಲ್ಲಿ ಬರೆದಳು: ‘ನನ್ನ ನಾಲ್ಕು ಕಪಾಟು ಕೆಟ್ಟಿಲ್ಲ. ಸುಳ್ಳು ಹೇಳಿದ್ದೆ. ಇಲ್ಲೊಂದು ಜೀವ ಹೋಗುತ್ತಿದೆ. ನಿಮ್ಮಲ್ಲೂ ಇದ್ದರೆ ದಯವಿಟ್ಟು ಕೊಡಿ.’

ತನ್ನ ಕೆಲಸ ಹೋಯಿತೆಂದೇ ಅವಳು ತಿಳಿದಳು. ಪುಣೆಯಿಂದ ಉತ್ತರ ಬಂತು: ‘ನನ್ನವೂ ಒಂಬತ್ತು ಕೆಟ್ಟಿಲ್ಲ, ಮಾಲಿನಿ.’ ಆಮೇಲೆ ಕಟಕ್, ತಿರುಚ್ಚಿ, ಭೋಪಾಲ. ಸಾಲುಗಟ್ಟಿ ಬರುತ್ತಲೇ ಇದ್ದವು. ಪ್ರತಿಯೊಬ್ಬರೂ ಈ ಬುದ್ಧಿ ತಮಗೊಬ್ಬರಿಗೇ ಹೊಳೆದದ್ದೆಂದು ತಿಳಿದಿದ್ದರು. ಸಮಪಾಲಿ ಎಲ್ಲವನ್ನೂ ಕೂಡಿಸಿ ತೋರಿಸಿತು. ದೇಶದ ಅರ್ಧಕ್ಕರ್ಧ ಗಣಕಗಳು ಚೆನ್ನಾಗಿದ್ದೂ ಸುಮ್ಮನೆ ಕೂತಿದ್ದವು.

ಕೆಟ್ಟವೆಂದಿದ್ದ ಕಪಾಟುಗಳೇ ಸಿಕ್ಕವೆಂದು ಮಾಲಿನಿ ಫಕೀರಪ್ಪನಿಗೆ ಹೇಳಿದಳು. ಮಧ್ಯಾಹ್ನದ ಊಟದ ಹೊತ್ತಿಗೇ ಲೆಕ್ಕ ಮುಗಿಯಿತು. ಇಳಿಹೊತ್ತಿಗೆ ಆಸ್ಪತ್ರೆಯಿಂದ ಫೋನು ಬಂತು: ಮದ್ದು ಕೊಟ್ಟಾಯಿತು, ಶಾವಂತ್ರವ್ವನ ಜ್ವರ ಇಳಿಯುತ್ತಿದೆ. ಫಕೀರಪ್ಪ ಅತ್ತುಬಿಟ್ಟ. ಮಾಲಿನಿಯ ಕಾಲಿಗೆ ಬೀಳಹೋದವನನ್ನು ಅವಳೇ ತಡೆದು ಎಬ್ಬಿಸಿದಳು. ಬಾಗಿಲ ತನಕ ಹೋದವನು ತಿರುಗಿ ನಿಂತ.

“ಅಕ್ಕಾರ, ಹೋದ ವಾರ ನಮ್ಮ ಬಾಜೂ ಹಾಸಿಗ್ಯಾಗ ಒಂದು ಹುಡುಗಿ ಇತ್ತು. ಅದಕ್ಕೂ ಇದ ಜ್ವರ. ಗಣಕ ಇಲ್ಲ ಅಂದ್ರಂತ. ಹೋತು ಪಾಪ.” ಅವನು ಮುಗ್ಧವಾಗಿಯೇ ಕೇಳಿದ: “ಅವತ್ತೂ ಈ ಕಪಾಟು ಇದ್ದುವೇನ್ರಿ?”

ಆ ಹುಡುಗಿಗಾಗಿ ಕೋರಿಕೆ ಬಂದದ್ದೂ ಮಾಲಿನಿಯ ಪರದೆಗೇ. ಇಲ್ಲವೆಂದು ಬರೆದು ಕಳಿಸಿದವಳೂ ಅವಳೇ.

“ಇದ್ದುವು,” ಎಂದಳು.